ಬೇಯಿಸಿದ ಗೆಣಸಿನ ಲೆಕ್ಕ

ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಒಲೆಗೇರುವ ದೊಡ್ಡ ಪಾತ್ರೆಗೆ ಒಂದು ಕ್ರಮವಿದೆ. ತಳದಲ್ಲಿ ಗೆಣಸು, ಅದರ ಮೇಲೆ ಸಿಪ್ಪೆಸಹಿತ ಹಸಿ ಕಡಲೆಕಾಯಿ, ಎಲ್ಲಕ್ಕೂ ಮೇಲೆ ಸೊಗಡಿನ ಅವರೆಕಾಯಿ. ಒಂದು ಹಿಡಿ ಕಲ್ಲುಪ್ಪು, ಗೆಣಸು ಮುಳುಗುವಷ್ಟು ನೀರು, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಭಾರಕ್ಕೆಂದು ಕಲ್ಲಿನ ಕುಟ್ಟಾಣಿ. ನೀರು ಕುದಿಯತೊಡಗಿದ ಮೇಲೆ ಅಮ್ಮ ಉರಿಯನ್ನು ತಗ್ಗಿಸಿ ಬೇರೆ ಕೆಲಸಕ್ಕೆ ಹೋಗುತ್ತಾಳೆ. ಮುಕ್ಕಾಲು ಗಂಟೆಯ ಮೇಲೆ ಬಂದು ಪೊರಕೆಗೆ ಸೇರದ ಹೊಸ ತೆಂಗಿನಕಡ್ಡಿಯೊಂದನ್ನು ಗೆಣಸಿಗೆ ಚುಚ್ಚಿ ನೋಡುತ್ತಾಳೆ. ಕಡ್ಡಿ ತಡೆಯಿಲ್ಲದೆ ಒಳಗಿಳಿದು, ಹೊರಗೆಳೆದಾಗ ಅದರ ತುದಿಗೆ ಹಿಟ್ಟು ಮೆತ್ತಿಕೊಂಡಿದ್ದರೆ ಗೆಣಸು ಬೆಂದಿದೆ ಎಂದರ್ಥ. ಬರಿ ನೀರು ಹತ್ತಿಕೊಂಡಿದ್ದರೆ ಈ ಸಲದ ಗೆಣಸು ಅಷ್ಟಕ್ಕಷ್ಟೇ ಎಂದು ಅಮ್ಮನ ಮುಖವೇ ಹೇಳುತ್ತದೆ.

ಎರಡು ವರ್ಷಗಳ ಹಿಂದೆ ಈ ಪಾತ್ರೆಗೆ ಸಂಚಕಾರ ಬಂದಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ವಾರವೇ ಕ್ಲಿನಿಕ್ಕೊಂದರಲ್ಲಿ ಅಚ್ಚು ಹಾಕಿದ ಪಥ್ಯದ ಹಾಳೆಯೊಂದನ್ನು ಕೈಗಿಟ್ಟು ಕಳಿಸಿದ್ದರು. ಅದರಲ್ಲಿ 'ನೆಲದಡಿ ಬೆಳೆಯುವ ಯಾವುದನ್ನೂ ತಿನ್ನಬಾರದು' ಎಂಬ ಒಂದೇ ಸಾಲಿನಲ್ಲಿ ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆ, ಬೀಟ್‌ರೂಟ್ ಎಲ್ಲದರ ಕಥೆ ಮುಗಿದಿತ್ತು. ಅದೇ ವಾರ ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಇನ್ನೊಂದು ಸಂದೇಶದ ಪ್ರಕಾರ ದಿನಕ್ಕೊಂದು ಗೆಣಸು ತಿಂದರೆ ಸಕ್ಕರೆ ಇಳಿಯುತ್ತದೆ, ಕಣ್ಣಿನ ಪೊರೆ ಹೋಗುತ್ತದೆ, ಜಪಾನಿನ ಮುದುಕರಂತೆ ನೂರು ವರ್ಷ ಬಾಳಬಹುದು. ಅಮ್ಮ ಎರಡನ್ನೂ ಓದಿ ಕನ್ನಡಕ ತೆಗೆದಿಟ್ಟು ಕೇಳಿದಳು: "ಒಬ್ಬರು ವಿಷ ಅಂತಾರೆ, ಇನ್ನೊಬ್ಬರು ಅಮೃತ ಅಂತಾರೆ. ಹಾಗಾದ್ರೆ ನಾನು ಇಷ್ಟು ವರ್ಷ ತಿಂದಿದ್ದು ಏನು ಕಣೇ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿದ್ದನ್ನು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದನ್ನು, ಅಮ್ಮನ ಜತೆ ವಾದಿಸಿ ಸೋತದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಆ ಹಾಳೆಯ 'ನೆಲದಡಿ' ಎಂಬ ಮಾತನ್ನೇ ನೋಡೋಣ. ನೆಲದಡಿ ಬೆಳೆಯುವುದೆಲ್ಲ ಒಂದೇ ಜಾತಿಯಲ್ಲ. ನಮ್ಮ ಹಿರಿಯರು 'ಕಂದಮೂಲ' ಎಂದು ಜೋಡಿಸಿ ಹೇಳಿದರೂ ಕಂದ ಬೇರೆ, ಮೂಲ ಬೇರೆ ಎಂಬ ಅರಿವು ಆ ಪದದಲ್ಲೇ ಇದೆ. ಆಲೂಗಡ್ಡೆ ಮಣ್ಣಿನೊಳಗೆ ಹೂತುಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳು ಕಾಂಡದ ಗೆಣ್ಣುಗಳೇ. ಗೆಣಸು ಮಾತ್ರ ಹಾಗಲ್ಲ, ಅದು ಆಹಾರ ತುಂಬಿಕೊಂಡು ದಪ್ಪವಾದ ನಿಜವಾದ ಬೇರು. ಆಲೂಗಡ್ಡೆ ಬದನೆ, ಟೊಮ್ಯಾಟೊಗಳ ದಾಯಾದಿ. ಗೆಣಸಾದರೋ ಬೇಲಿಯ ಮೇಲೆ ಬೆಳಗಿನ ಹೊತ್ತು ನೇರಳೆ ತುತ್ತೂರಿಗಳಂತೆ ಅರಳುವ ಬಳ್ಳಿಗಳ ಕುಟುಂಬಕ್ಕೆ ಸೇರಿದ್ದು. ಎರಡೂ ಅಮೆರಿಕ ಖಂಡದಿಂದ ಬಂದವು, 1492ಕ್ಕೆ ಮೊದಲು ನಮ್ಮ ನೆಲ ಅವನ್ನು ಕಂಡಿರಲಿಲ್ಲ. ಗೆಣಸು ಎಂಬ ಹೆಸರನ್ನು ನಾವು ಇಲ್ಲಿನ ಕಾಡುಗೆಣಸುಗಳಿಂದ ಎತ್ತಿ ಈ ಹೊಸಬನಿಗೆ ಕೊಟ್ಟೆವು, ಕೊಟ್ಟದ್ದನ್ನು ಮರೆತೂಬಿಟ್ಟೆವು. ಈಗ ಶಿವರಾತ್ರಿಯ ಉಪವಾಸಕ್ಕೆ ಅನ್ನ ವರ್ಜ್ಯ, ಗೆಣಸು ಮಡಿ. ಋಷಿಮುನಿಗಳು ಗೆಡ್ಡೆಗೆಣಸು ತಿಂದು ತಪಸ್ಸು ಮಾಡಿದರೆಂದು ಕೇಳುವಾಗ ನನ್ನ ಕಣ್ಣಿಗೆ ಬರುತ್ತಿದ್ದುದು ಸಂತೆಯಲ್ಲಿ ಸಿಗುವ ಈ ಕೆಂಪು ಸಿಪ್ಪೆಯ ಗೆಣಸೇ. ಅವರು ತಿಂದಿದ್ದರೆ ಅದು ಬೇರೆಯದೇ ಇರಬೇಕು.

ಇನ್ನು ಅಂಕಿಗಳು. ಸಿಪ್ಪೆ ತೆಗೆದು ನೀರಿನಲ್ಲಿ ಬೇಯಿಸಿದ 100 ಗ್ರಾಂ ಗೆಣಸಿನಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ. ಉಳಿದ 20 ಗ್ರಾಮಿನಲ್ಲಿ ಸುಮಾರು 18 ಗ್ರಾಂ ಶರ್ಕರಪಿಷ್ಟ; ಅದರೊಳಗೇ ಸೇರಿಕೊಂಡಂತೆ 5ರಿಂದ 6 ಗ್ರಾಂ ಸಕ್ಕರೆ, ಎರಡೂವರೆ ಗ್ರಾಂ ನಾರು. ಪ್ರೋಟೀನ್ ಒಂದೂವರೆ ಗ್ರಾಮಿಗೂ ಕಡಿಮೆ, ಕೊಬ್ಬು ಇಲ್ಲವೆನ್ನುವಷ್ಟು. ಒಟ್ಟು ಶಕ್ತಿ 76 ಕಿಲೋಕ್ಯಾಲೊರಿ. ಪೊಟ್ಯಾಸಿಯಂ 230 ಮಿಲಿಗ್ರಾಂ, ಸಿ ಜೀವಸತ್ವ 12ರಿಂದ 13 ಮಿಲಿಗ್ರಾಂ. ಇವು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಅಂಕಿಗಳು. ನಮ್ಮ ಗೆಣಸು ಸಾಮಾನ್ಯವಾಗಿ ಇನ್ನಷ್ಟು ಹಿಟ್ಟಿನಂಶದ್ದು, ಆದ್ದರಿಂದ ಶಕ್ತಿಯೂ ಪಿಷ್ಟವೂ ತುಸು ಹೆಚ್ಚೇ ಇರುತ್ತವೆ ಎಂದು ಎಣಿಸಿಕೊಳ್ಳಬೇಕು.

ಬರಿಯ ಅಂಕಿ ಅಮ್ಮನಿಗೆ ಹಿಡಿಸುವುದಿಲ್ಲ. ಆದ್ದರಿಂದ ಒಂದು ದಿನ ತಕ್ಕಡಿ ತಂದು ಊಟದ ಮೇಜಿನ ಮೇಲಿಟ್ಟೆ. ಒಂದು ತಟ್ಟೆಯಲ್ಲಿ 200 ಗ್ರಾಂ ಬೇಯಿಸಿದ ಗೆಣಸು, ಎಂದರೆ ಅಂಗೈಯಗಲದ ಮಧ್ಯಮ ಗಾತ್ರದ ಒಂದು ಗೆಣಸು. ಇನ್ನೊಂದು ತಟ್ಟೆಯಲ್ಲಿ ಅಷ್ಟೇ ಶರ್ಕರಪಿಷ್ಟ ಇರುವ ಅನ್ನ, ಅದು ತೂಗಿದರೆ 125 ಗ್ರಾಂ. ಎರಡೂ ತಟ್ಟೆಗಳಲ್ಲಿ ಸುಮಾರು 35 ಗ್ರಾಂ ಶರ್ಕರಪಿಷ್ಟ, ಎರಡೂ ತಟ್ಟೆಗಳಲ್ಲಿ 150 ಕಿಲೋಕ್ಯಾಲೊರಿಗಿಂತ ತುಸು ಆಚೀಚೆ. ಆದರೆ ಅನ್ನದ ಜತೆ ಬಂದ ನಾರು ಅರ್ಧ ಗ್ರಾಂ, ಗೆಣಸಿನ ಜತೆ ಬಂದದ್ದು 5 ಗ್ರಾಂ. ಅನ್ನದಲ್ಲಿ ಸಿ ಜೀವಸತ್ವ ಇಲ್ಲವೇ ಇಲ್ಲ. ಗೆಣಸಿನಲ್ಲಿ 25 ಮಿಲಿಗ್ರಾಂ, ಎಂದರೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೆಂಗಸರಿಗೆ ಹೇಳಿದ ದಿನದ 65 ಮಿಲಿಗ್ರಾಮಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅನ್ನದ ಪುಟ್ಟ ಗುಡ್ಡೆಯನ್ನೂ ಗೆಣಸಿನ ತುಂಬು ತಟ್ಟೆಯನ್ನೂ ಅಮ್ಮ ಒಂದೆರಡು ಸಲ ನೋಡಿದಳು. "ಹಾಗಾದ್ರೆ ಇದನ್ನ ತಿಂದ ದಿನ ಅದನ್ನ ಬಿಡಬೇಕು, ಅಷ್ಟೇ ತಾನೇ?" ಎಂದಳು. ಅಷ್ಟೇ. ಪಥ್ಯದ ಹಾಳೆಯಲ್ಲಿ ಇರಬೇಕಾಗಿದ್ದ ವಾಕ್ಯ ಅದೇ. ನಮ್ಮಲ್ಲಿ ಆಗುವ ತಪ್ಪೆಂದರೆ ಗೆಣಸನ್ನು ತರಕಾರಿಯೆಂದು ತಿಳಿದು ಪಲ್ಯ ಮಾಡಿ ಅನ್ನದ ಪಕ್ಕಕ್ಕೆ ಬಡಿಸುವುದು, ಇಲ್ಲವೆ ತಿಂಡಿಯೆಂದು ತಿಳಿದು ಎರಡು ಊಟಗಳ ನಡುವೆ ಸೇರಿಸುವುದು. ಲೆಕ್ಕಕ್ಕೆ ಅದು ತರಕಾರಿಯೂ ಅಲ್ಲ, ತಿಂಡಿಯೂ ಅಲ್ಲ. ಅನ್ನ, ಮುದ್ದೆ, ರೊಟ್ಟಿಗಳ ಸಾಲಿನಲ್ಲಿ ಕೂರಬೇಕಾದದ್ದು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ವಾಟ್ಸ್ಆ್ಯಪ್ ಸಂದೇಶ ಎಡವಿದ್ದು ಅಲ್ಲೇ. ಗೆಣಸಿನಲ್ಲಿ ಎ ಜೀವಸತ್ವ ತುಂಬಿ ತುಳುಕುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಬೇರೊಂದು ಗೆಣಸಿನ ಬಗ್ಗೆ ಆಡಿದ ಮಾತು. ಮೇಲೆ ಹೇಳಿದ ಅಮೆರಿಕದ ಕೋಷ್ಟಕದ ಗೆಣಸು ಒಳಗೆ ಕುಂಬಳಕಾಯಿಯಂತೆ ಕಿತ್ತಳೆ ಬಣ್ಣದ್ದು. ಆ ಬಣ್ಣವೇ ಬೀಟಾ ಕೆರೋಟಿನ್. ಬೇಯಿಸಿದ 100 ಗ್ರಾಮಿನಲ್ಲಿ ಒಂಬತ್ತು ಮಿಲಿಗ್ರಾಮಿಗೂ ಹೆಚ್ಚು. ಆಹಾರದಲ್ಲಿ ಸೇವಿಸಿದ ಬೀಟಾ ಕೆರೋಟಿನ್ನಿನ 12 ಪಾಲು ದೇಹದೊಳಗೆ ಎ ಜೀವಸತ್ವದ ಒಂದು ಪಾಲಿಗೆ ಸಮ ಎಂಬ ಲೆಕ್ಕ ಹಿಡಿದರೆ ಸುಮಾರು 790 ಮೈಕ್ರೋಗ್ರಾಂ ಆಯಿತು. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 840. ಒಂದು ಸಣ್ಣ ಗೆಣಸಿನಲ್ಲೇ ದಿನದ ಪಾಲು ಹೆಚ್ಚುಕಡಿಮೆ ಮುಗಿದಂತೆ. ಆದರೆ ಗಾಂಧಿ ಬಜಾರಿನ ಗಾಡಿಯಲ್ಲಿ ಸಿಗುವ ಗೆಣಸನ್ನು ಮುರಿದರೆ ಕಾಣುವುದು ಬಿಳಿ ಅಥವಾ ಕೆನೆಬಣ್ಣದ ತಿರುಳು. ಹೊರಗಿನ ಸಿಪ್ಪೆ ಎಷ್ಟೇ ಕೆಂಪಗಿರಲಿ, ಆ ಕೆಂಪಿಗೂ ಒಳಗಿನ ಕೆರೋಟಿನ್ನಿಗೂ ಸಂಬಂಧವಿಲ್ಲ. ಬಿಳಿ ತಿರುಳಿನ ಗೆಣಸಿನಲ್ಲಿ ಬೀಟಾ ಕೆರೋಟಿನ್ ಹೆಸರಿಗಷ್ಟೇ ಇರುತ್ತದೆ. ಒಂದೇ ಹೆಸರಿನ, ಒಂದೇ ಆಕಾರದ ಎರಡು ಬೇರುಗಳ ನಡುವೆ ಇಷ್ಟು ಅಂತರವಿರುವ ಇನ್ನೊಂದು ದಿನಬಳಕೆಯ ಪದಾರ್ಥ ನನಗೆ ತಟ್ಟನೆ ನೆನಪಾಗುತ್ತಿಲ್ಲ.

ಈ ಅಂತರದ ಮೇಲೆಯೇ ಆಫ್ರಿಕಾದಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ಅಲ್ಲಿನ ಅನೇಕ ದೇಶಗಳಲ್ಲಿ ಗೆಣಸು ಮೊದಲಿನಿಂದಲೂ ಉಂಟು, ಆದರೆ ಬಿಳಿ ತಿರುಳಿನದು. ಮಕ್ಕಳಲ್ಲಿ ಎ ಜೀವಸತ್ವದ ಕೊರತೆಯೂ ಉಂಟು. ಮಾತ್ರೆ ಹಂಚುವ ಬದಲು ತಿನ್ನುತ್ತಿರುವ ಗೆಣಸಿನ ಬಣ್ಣವನ್ನೇ ಬದಲಿಸೋಣವೆಂದು ಹೊರಟವರಲ್ಲಿ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜ್ಯಾನ್ ಲೋ ಎಂಬ ಮೂವರಿಗೂ, ಬೆಳೆಯಲ್ಲೇ ಪೋಷಕಾಂಶ ಹೆಚ್ಚಿಸುವ ವಿಚಾರವನ್ನು ಮುನ್ನಡೆಸಿದ ಹೊವಾರ್ತ್ ಬೂಯಿಸ್ ಅವರಿಗೂ ಸೇರಿ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಹಿಡಿಸಿದ್ದು ದಕ್ಷಿಣ ಆಫ್ರಿಕಾದ ಒಂದು ಸರಳ ಪರೀಕ್ಷೆ, 2005ರಲ್ಲಿ ಪ್ರಕಟವಾದದ್ದು. ಐದರಿಂದ ಹತ್ತು ವರ್ಷದ ಶಾಲಾಮಕ್ಕಳ ಒಂದು ಗುಂಪಿಗೆ ಬೇಯಿಸಿ ಹಿಸುಕಿದ ಕಿತ್ತಳೆ ಗೆಣಸನ್ನು, ಇನ್ನೊಂದು ಗುಂಪಿಗೆ ಅಷ್ಟೇ ಪ್ರಮಾಣದ ಬಿಳಿ ಗೆಣಸನ್ನು, ದಿನಕ್ಕೆ 125 ಗ್ರಾಮಿನಂತೆ 53 ಶಾಲಾದಿನಗಳು ಕೊಟ್ಟರು. ಕಿತ್ತಳೆ ಗೆಣಸು ತಿಂದ ಮಕ್ಕಳ ದೇಹದಲ್ಲಿ ಎ ಜೀವಸತ್ವದ ದಾಸ್ತಾನು ಸುಧಾರಿಸಿತ್ತು. ಕೊಟ್ಟದ್ದು ಔಷಧವಲ್ಲ, ಹಿಟ್ಟಲ್ಲ, ಮಾತ್ರೆಯಲ್ಲ. ನಮ್ಮಮ್ಮ ಮಾಡುವ ಹಾಗೆಯೇ ಬೇಯಿಸಿ, ಬಟ್ಟಲಿನಲ್ಲಿ ಹಿಸುಕಿದ ಬೇರು.

ನಮ್ಮಲ್ಲೂ ಇಂಥ ತಳಿಗಳಿವೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ 'ಭೂ ಸೋನಾ' ಎಂಬ ತಳಿಯಲ್ಲಿ 100 ಗ್ರಾಮಿಗೆ 14 ಮಿಲಿಗ್ರಾಂ ಬೀಟಾ ಕೆರೋಟಿನ್ ಇದೆ, 'ಭೂ ಕೃಷ್ಣ' ಎಂಬ ನೇರಳೆ ತಿರುಳಿನ ತಳಿಯಲ್ಲಿ ಅದರ ಬದಲು ಆಂಥೋಸಯಾನಿನ್ ಎಂಬ ನೇರಳೆ ಬಣ್ಣದ ಪದಾರ್ಥ 90 ಮಿಲಿಗ್ರಾಂ ಇದೆ. ತಳಿ ಇದೆ, ಆದರೆ ಸಂತೆಯಲ್ಲಿ ಇಲ್ಲ. ಬೆಳಗಾವಿ, ಖಾನಾಪುರದ ಕಡೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಗಾಲದಲ್ಲಿ ಬಳ್ಳಿಯ ತುಂಡು ನೆಟ್ಟು ನಾಲ್ಕು ತಿಂಗಳಲ್ಲಿ ಗೆಣಸು ಕೀಳುವ ರೈತನಿಗೆ ಮಾರುಕಟ್ಟೆ ಕೇಳುವುದು ಕೆಂಪು ಸಿಪ್ಪೆಯನ್ನು, ದುಂಡು ಮೈಯನ್ನು, ತೂಕವನ್ನು. ಒಳಗಿನ ಬಣ್ಣವನ್ನು ಯಾರೂ ಕೇಳುವುದಿಲ್ಲ, ಕೇಳದ ಬಣ್ಣವನ್ನು ಆತ ಏಕೆ ಬೆಳೆದಾನು?

ಬೀಟಾ ಕೆರೋಟಿನ್ ಕೊಬ್ಬಿನಲ್ಲಿ ಕರಗುವಂಥದ್ದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬರಿ ಗೆಣಸಿನಲ್ಲಿ ಕೊಬ್ಬಿಲ್ಲ. ಜತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಕಾಯಿತುರಿಯೋ ಇದ್ದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಇದು ತಿಳಿದ ಮೇಲೆ ಸಂಕ್ರಾಂತಿಯ ಪಾತ್ರೆಯಲ್ಲಿ ಗೆಣಸಿನ ನೆತ್ತಿಯ ಮೇಲೆ ಕೂತ ಕಡಲೆಕಾಯಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಕಡಲೆಕಾಯಿಯಿಂದ ಎಣ್ಣೆಯಂಶವೂ ಪ್ರೋಟೀನೂ ಬಂತು, ಅವರೆಯಿಂದ ಇನ್ನಷ್ಟು ಪ್ರೋಟೀನ್ ಬಂತು. ಗೆಣಸಿನಲ್ಲಿ ಕೊರತೆಯಿದ್ದದ್ದು ಈ ಎರಡೇ. ಹಿರಿಯರು ಇದನ್ನೆಲ್ಲ ತಿಳಿದೇ ಮಾಡಿದ್ದರು ಎಂಬ ಮಾತಿಗೆ ನಾನು ಹೋಗುವುದಿಲ್ಲ. ಜನವರಿಯಲ್ಲಿ ಹೊಲದಿಂದ ಮನೆಗೆ ಬರುತ್ತಿದ್ದುದು ಇವು ಮೂರು, ಪಾತ್ರೆ ಒಂದೇ, ಸೌದೆ ಉಳಿಸಬೇಕಿತ್ತು.

ಈ ಜೋಡಿಯಿಲ್ಲದೆ ಬರಿಯ ಗೆಣಸನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಒಂದು ಕಥೆಯಿದೆ. ಅಲ್ಲಿನ ಜನರ ಹೊಟ್ಟೆ ತುಂಬಿಸುತ್ತಿದ್ದುದು ಹೆಚ್ಚಾಗಿ ಗೆಣಸು, ಪ್ರೋಟೀನ್ ಬಹಳ ಕಡಿಮೆ. ಹಬ್ಬದಲ್ಲಿ ಒಮ್ಮೆಲೇ ಹಂದಿಮಾಂಸ ತಿಂದ ಮಕ್ಕಳು ಕರುಳು ಕೊಳೆಯುವ ಕಾಯಿಲೆಯಿಂದ ಸಾಯುತ್ತಿದ್ದರು. ಅದನ್ನು 'ಪಿಗ್‌ಬೆಲ್' ಎಂದು ಕರೆದರು. ಮಾಂಸದೊಂದಿಗೆ ಬಂದ ಸೂಕ್ಷ್ಮಜೀವಿಯ ವಿಷವನ್ನು ಒಡೆಯಬೇಕಾದ ಟ್ರಿಪ್ಸಿನ್ ಎಂಬ ಜೀರ್ಣರಸ ಆ ಮಕ್ಕಳಲ್ಲಿ ಮೊದಲೇ ಕಡಿಮೆ. ಇದ್ದದ್ದನ್ನೂ ಗೆಣಸಿನಲ್ಲಿರುವ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಕಟ್ಟಿಹಾಕುತ್ತಿತ್ತು. 1980ರಿಂದ ಲಸಿಕೆ ಹಾಕತೊಡಗಿದ ಮೇಲೆ ಅದು ಬಹಳಷ್ಟು ತಗ್ಗಿತು. ಬೇಯಿಸಿದರೆ ಆ ತಡೆಯ ಬಹುಪಾಲು ಹೋಗುತ್ತದೆ, ನಮ್ಮ ಊಟದಲ್ಲಿ ಬೇಳೆ, ಕಾಳು, ಮೊಸರು ಇದ್ದೇ ಇರುತ್ತವೆ. ಭಯಪಡಬೇಕಾದದ್ದೇನೂ ಇಲ್ಲ. ಹಸಿ ಗೆಣಸನ್ನು ಕ್ಯಾರೆಟ್ಟಿನಂತೆ ತುರಿದು ಕೋಸಂಬರಿ ಮಾಡಿ ಎಂಬ ಹೊಸ ಸಲಹೆಗಳನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಜಪಾನಿನ ಮುದುಕರ ಕಥೆಯೂ ಅರ್ಧ ನಿಜ. ಓಕಿನಾವಾ ದ್ವೀಪದಲ್ಲಿ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜನರ ಆಹಾರದ ಮೂರನೇ ಎರಡು ಭಾಗದಷ್ಟು ಶಕ್ತಿ ಗೆಣಸಿನಿಂದಲೇ ಬರುತ್ತಿತ್ತು, ಅವರಲ್ಲಿ ದೀರ್ಘಾಯುಗಳೂ ಬಹಳ. ಆದರೆ ಅವರು ಒಟ್ಟಿನಲ್ಲಿ ತಿನ್ನುತ್ತಿದ್ದುದೇ ಕಡಿಮೆ, ದುಡಿಯುತ್ತಿದ್ದುದು ಹೆಚ್ಚು, ಗೆಣಸಿನ ಪಕ್ಕದಲ್ಲಿ ಸೋಯಾ, ಸೊಪ್ಪು, ತುಸು ಮೀನು ಇರುತ್ತಿದ್ದವು. ಗೆಣಸು ಬಡವರ ಹೊಟ್ಟೆಪಾಡಾಗಿತ್ತು. ಆಯುಷ್ಯವನ್ನೆಲ್ಲ ಅದೊಂದರ ತಲೆಗೆ ಕಟ್ಟಿದರೆ ನಾಳೆ ನಮ್ಮ ತಟ್ಟೆಗೆ ಬೆಲ್ಲದ ಪಾಕದಲ್ಲಿ ಅದ್ದಿದ ಗೆಣಸೂ ಆರೋಗ್ಯದ ಹೆಸರಿನಲ್ಲಿ ಬಂದೀತು.

ಸಕ್ಕರೆ ಕಾಯಿಲೆಯವರಿಗೆ ತಿಳಿದಿರಬೇಕಾದ ನಿಜವಾದ ವಿಷಯ ಇರುವುದು ಒಲೆಯ ಮೇಲೆ. ಹಸಿ ಗೆಣಸನ್ನು ಕಚ್ಚಿದರೆ ಸಪ್ಪೆ, ಬೆಂದದ್ದು ಸಿಹಿ. ಆ ಸಿಹಿ ಎಲ್ಲಿಂದ ಬಂತು? ಗೆಣಸಿನೊಳಗೆ ಅಮೈಲೇಸ್ ಎಂಬ ಕಿಣ್ವವಿದೆ. ಶಾಖ 60 ಡಿಗ್ರಿ ದಾಟಿ ಪಿಷ್ಟದ ಕಣಗಳು ಉಬ್ಬಿ ಸಡಿಲವಾದ ಕೂಡಲೇ ಅದು ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುತ್ತ ಹೋಗುತ್ತದೆ. ಶಾಖ ಇನ್ನೂ ಏರಿದಾಗ ತಾನೇ ಕೆಟ್ಟು ಸುಮ್ಮನಾಗುತ್ತದೆ. ಕೆಂಡದ ಬೂದಿಯಲ್ಲಿ ಹೂತಿಟ್ಟ ಗೆಣಸಿನ ಒಡಲು ಈ ನಡುವಿನ ಶಾಖದಲ್ಲಿ ಬಹಳ ಹೊತ್ತು ಕೂತಿರುತ್ತದೆ, ಜತೆಗೆ ನೀರೂ ಆರುತ್ತದೆ. ಆದ್ದರಿಂದಲೇ ಸುಟ್ಟ ಗೆಣಸಿನಿಂದ ಜೇನಿನಂಥ ಅಂಟು ಒಸರುವುದು. ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದ ಗೆಣಸು ಆ ಹಂತವನ್ನು ಓಡುತ್ತ ದಾಟಿಬಿಡುತ್ತದೆ, ರುಚಿಯೂ ಅಷ್ಟರಲ್ಲೇ ಇರುತ್ತದೆ.

ಊಟವಾದ ಮೇಲೆ ರಕ್ತದ ಸಕ್ಕರೆ ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಗ್ಲೂಕೋಸನ್ನು 100 ಎಂದಿಟ್ಟುಕೊಂಡು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕ ಎಂಬ ಮಾನದಂಡವೊಂದಿದೆ. ಜಮೈಕಾದಲ್ಲಿ ತಿನ್ನುವ ಹತ್ತು ಗೆಣಸಿನ ತಳಿಗಳನ್ನು ಬೇರೆ ಬೇರೆ ರೀತಿಯಲ್ಲಿ ಬೇಯಿಸಿ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸಿನ ಸೂಚ್ಯಂಕ 41ರಿಂದ 50ರೊಳಗಿತ್ತು. ಅದೇ ತಳಿಗಳನ್ನು ಸುಟ್ಟಾಗ, ಒಲೆಯಲ್ಲಿ ಬೇಕ್ ಮಾಡಿದಾಗ ಅದು 79ರಿಂದ 94ರವರೆಗೆ ಹೋಯಿತು. ಗೆಣಸು ಒಂದೇ; ಮನೆಯವರು ಅದನ್ನು ನೀರಿಗೆ ಹಾಕಿದರೋ ಕೆಂಡಕ್ಕೆ ಹಾಕಿದರೋ ಎಂಬುದರ ಮೇಲೆ ಅಂಕಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 'ಸಕ್ಕರೆ ಕಾಯಿಲೆಗೆ ಗೆಣಸು ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಗೆ ಅಡುಗೆಯ ಕ್ರಿಯಾಪದ ಸೇರಿಸದೆ ಉತ್ತರ ಹೇಳುವವರನ್ನು ನಾನು ನಂಬುವುದನ್ನು ಬಿಟ್ಟದ್ದು ಇದನ್ನು ಓದಿದ ಮೇಲೆ. ಬೇಯಿಸಿ ತಣಿಸಿದರೆ ಪಿಷ್ಟದ ಒಂದಂಶ ಮತ್ತೆ ಬಿಗಿಗೊಂಡು ನಾರಿನಂತೆ ವರ್ತಿಸುತ್ತದೆ ಎಂಬುದೂ ನಿಜ, ಆದರೆ ಅದು ಅಲ್ಪಸ್ವಲ್ಪ. ಅದನ್ನೇ ನೆಪ ಮಾಡಿಕೊಂಡು ಎರಡು ಗೆಣಸು ಹೆಚ್ಚಿಗೆ ತಿನ್ನುವ ಹಾಗಿಲ್ಲ.

ಅಮ್ಮನ ಬೆರಳ ತುದಿ ಚುಚ್ಚಿ ನೋಡುವ ಯಂತ್ರ ನಮ್ಮ ಮನೆಯಲ್ಲಿದೆ. ಒಂದು ಭಾನುವಾರ ಮಧ್ಯಾಹ್ನ ಅನ್ನ ಬಿಟ್ಟು, 200 ಗ್ರಾಂ ಬೇಯಿಸಿದ ಗೆಣಸು, ಒಂದು ಬಟ್ಟಲು ಹುರುಳಿಕಾಳಿನ ಉಸಲಿ, ಮಜ್ಜಿಗೆ ಇಷ್ಟನ್ನು ಉಂಡು ಎರಡು ಗಂಟೆ ಬಿಟ್ಟು ನೋಡಿದೆವು. ಅನ್ನ ಉಂಡ ಭಾನುವಾರಗಳಿಗಿಂತ ಹೆಚ್ಚೇನೂ ಇರಲಿಲ್ಲ. ಒಬ್ಬರ ಮೈಯಲ್ಲಿ ಒಂದು ದಿನ ಕಂಡ ಅಂಕಿ ಯಾವುದನ್ನೂ ಸಾಬೀತು ಮಾಡುವುದಿಲ್ಲವೆಂದು ನಾನು ಹೇಳುತ್ತಲೇ ಇದ್ದೆ, ಅಮ್ಮ ಆಗಲೇ ನೆರೆಮನೆಯವರಿಗೆ ಫೋನ್ ಮಾಡಿ ಆಗಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ನಮ್ಮ ತಟ್ಟೆಯ ಲೆಕ್ಕವನ್ನಿಟ್ಟೆವು. ಅನ್ನದ ಬದಲಿಗೆ ಆದರೆ ಅಡ್ಡಿಯಿಲ್ಲ ಎಂದರು. ಹಾಳೆಯಲ್ಲಿನ ಆ ಸಾಲನ್ನು ಅಮ್ಮ ಪೆನ್ನಿನಿಂದ ಹೊಡೆದುಹಾಕಿದ್ದಾಳೆ, ಸುವರ್ಣಗಡ್ಡೆಯನ್ನೂ ಸೇರಿಸಿ.

ಸಿಪ್ಪೆಯ ವಿಷಯದಲ್ಲಿ ಅಮ್ಮನದೇ ಸರಿ. ತೊಳೆದು ಇಡಿಯಾಗಿ ಸಿಪ್ಪೆಸಹಿತ ಬೇಯಿಸಿದರೆ ಪೊಟ್ಯಾಸಿಯಂ, ಸಿ ಜೀವಸತ್ವಗಳು ನೀರಿಗೆ ಸೋರುವುದು ಕಡಿಮೆ. ಸಿಪ್ಪೆ ಹೆರೆದು ಹೋಳು ಮಾಡಿ ಕುದಿಸಿ ಆ ನೀರನ್ನು ಚೆಲ್ಲಿದರೆ ಅವೂ ಅದರ ಜತೆಗೆ ಹೋಗುತ್ತವೆ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕಾದವರಿಗೆ ಮಾತ್ರ ಇದೇ ಉಲ್ಟಾ: ಅವರು ಹೋಳು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ವೈದ್ಯರನ್ನು ಕೇಳಿಕೊಂಡು ತಿನ್ನಬೇಕು. ಗೆಣಸಿನಲ್ಲಿ ಆಕ್ಸಲೇಟ್ ಇರುವುದರಿಂದ ಕಲ್ಲಿನ ತೊಂದರೆ ಇರುವವರಿಗೂ ಮಿತಿ ಬೇಕು. ವಾಯುವಿನ ಬಗ್ಗೆ ನಾನು ಬರೆಯಬೇಕಾಗಿಲ್ಲ, ಸಂಕ್ರಾಂತಿಯ ಮರುದಿನ ಕಚೇರಿಗೆ ಹೋಗುವ ಎಲ್ಲರಿಗೂ ಅದು ಗೊತ್ತಿದೆ.

ಕೊಳ್ಳುವಾಗ ನೋಡಬೇಕಾದ ಒಂದು ಸಂಗತಿಯಂತೂ ನಿಜಕ್ಕೂ ಮುಖ್ಯ. ಗೆಣಸಿನ ಮೂತಿಹುಳು ಎಂಬ, ಉದ್ದ ಮೂತಿಯ ಇರುವೆಯಂತೆ ಕಾಣುವ ಕೀಟದ ಮರಿ ಒಳಗೆ ಸುರಂಗ ಕೊರೆಯುತ್ತದೆ. ಕೊರೆತಕ್ಕೆ ಪ್ರತಿಯಾಗಿ ಗೆಣಸು ಕಹಿ ಪದಾರ್ಥಗಳನ್ನು ತಯಾರಿಸಿಕೊಳ್ಳುತ್ತದೆ. ಅವು ವಿಷವೇ, ಎಷ್ಟು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಗೆಣಸನ್ನು ತಿಂದ ದನಗಳು ಶ್ವಾಸಕೋಶ ಕೆಟ್ಟು ಸತ್ತ ದಾಖಲೆಗಳಿವೆ. ಆದ್ದರಿಂದ ತುದಿಯಲ್ಲಿ ಕಪ್ಪು ತೂತಿದ್ದರೆ, ಬಾಯಿಗೆ ಕಹಿ ಹತ್ತಿದರೆ, ಕೆಟ್ಟ ಭಾಗವನ್ನಷ್ಟೇ ಕೆತ್ತಿ ತೆಗೆದು ಉಳಿತಾಯ ಮಾಡಲು ಹೋಗಬಾರದು, ದನದ ಕಲಗಚ್ಚಿಗೂ ಹಾಕಬಾರದು. ಫ್ರಿಜ್ಜಿನಲ್ಲಿಯೂ ಹಸಿ ಗೆಣಸನ್ನು ಇಡಬಾರದು. ಇಟ್ಟ ಒಂದು ಸಲ ನಾನು ಅರ್ಧ ಸಿಲಿಂಡರ್ ಸುಟ್ಟಷ್ಟು ಹೊತ್ತು ಬೇಯಿಸಿದರೂ ನಡುವೆ ಕಟ್ಟಿಗೆಯಂಥ ಗಟ್ಟಿ ತಿರುಳು ಹಾಗೆಯೇ ಉಳಿಯಿತು. ಬಿಸಿಲಿನ ಬಳ್ಳಿಗೆ ಆ ಚಳಿ ಹೊಂದುವುದಿಲ್ಲ. ಕಿತ್ತ ಗೆಣಸನ್ನು ಅಜ್ಜಿ ಅಟ್ಟದ ಮೂಲೆಯಲ್ಲಿ ಒಂದು ವಾರ ಹರಡಿಟ್ಟು ಆಮೇಲೆ ಬೇಯಿಸುತ್ತಿದ್ದಳು. ಆ ವಾರದಲ್ಲಿ ಗುದ್ದಲಿ ತಾಗಿದ ಗಾಯಗಳು ಮಾಗಿ ಮುಚ್ಚುತ್ತವೆ, ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಿಹಿಗೆ ತಿರುಗುತ್ತದೆ.

ಕಳೆದ ವರ್ಷ ಮೈಸೂರಿನ ಗೆಡ್ಡೆಗೆಣಸಿನ ಮೇಳವೊಂದರಿಂದ ಕಿತ್ತಳೆ ತಿರುಳಿನ ಗೆಣಸಿನ ಬಳ್ಳಿಯ ನಾಲ್ಕು ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ತಾರಸಿಯ ಎರಡು ಹಳೆಯ ಸಿಮೆಂಟು ಚೀಲಗಳಲ್ಲಿ ನೆಟ್ಟೆ. ಬಳ್ಳಿ ನೀರಿನ ಟ್ಯಾಂಕನ್ನೂ ಬಿಡದೆ ಹಬ್ಬಿತು. ನಾಲ್ಕು ತಿಂಗಳ ಮೇಲೆ ಚೀಲ ಸೀಳಿದಾಗ ಸಿಕ್ಕಿದ್ದು ಏಳು ಗೆಣಸು. ಅವುಗಳಲ್ಲಿ ಮೂರು ಮೂಲಂಗಿಯಷ್ಟು ಸಪೂರ. ಮುರಿದ ಕಡೆ ಹಾಲಿನಂಥ ಸೊನೆ ಒಸರಿ ಬೆರಳಿಗೆ ಅಂಟಿ ಕಪ್ಪಾಯಿತು. ಒಂದು ವಾರ ಮೂಲೆಯಲ್ಲಿಟ್ಟು, ಸಂಕ್ರಾಂತಿಯ ಪಾತ್ರೆಯ ತಳದಲ್ಲಿ ಪೇಟೆಯ ಬಿಳಿ ಗೆಣಸಿನ ಪಕ್ಕದಲ್ಲೇ ಜೋಡಿಸಿದೆ.

ಅಮ್ಮ ಕಡ್ಡಿ ಚುಚ್ಚಿ ನೋಡಿದಳು. ಬಿಳಿಯದರಿಂದ ಹಿಟ್ಟು ಮೆತ್ತಿಕೊಂಡು ಬಂತು, ಕಿತ್ತಳೆಯದರಿಂದ ಬರಿ ನೀರು. ಕಿತ್ತಳೆ ತಿರುಳಿನ ಗೆಣಸಿನಲ್ಲಿ ಸಾಮಾನ್ಯವಾಗಿ ಹಿಟ್ಟಿನಂಶ ಕಡಿಮೆ, ನೀರು ಹೆಚ್ಚು. ಆಫ್ರಿಕಾದಲ್ಲೂ ದೊಡ್ಡವರು ಇದೇ ಕಾರಣಕ್ಕೆ ಮೂಗು ಮುರಿದದ್ದರಿಂದ ತಳಿವಿಜ್ಞಾನಿಗಳು ಹಿಟ್ಟೂ ಬಣ್ಣವೂ ಒಟ್ಟಿಗಿರುವ ತಳಿಗಳಿಗಾಗಿ ವರ್ಷಗಟ್ಟಲೆ ದುಡಿಯಬೇಕಾಯಿತು ಎಂದು ನಾನು ವಿವರಿಸುತ್ತಿದ್ದೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, ಎರಡು ಕಡಲೆಬೀಜ ಸೇರಿಸಿ ನಿಧಾನವಾಗಿ ಅಗಿದು ನುಂಗಿದಳು.

"ಚೆನ್ನಾಗಿದೆ. ಆದ್ರೆ ಗೆಣಸಲ್ಲ ಇದು, ಬೆಂದ ಕ್ಯಾರೆಟ್ಟು. ಪಾಪುಗೆ ತುಪ್ಪ ಹಾಕಿ ಹಿಸುಕಿ ಕೊಡು," ಎಂದು ಬಟ್ಟಲನ್ನು ನನ್ನ ಕಡೆಗೆ ಸರಿಸಿ, ತನ್ನ ತಟ್ಟೆಗೆ ಬಿಳಿಯದನ್ನು ಹಾಕಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ಎದ್ದು ಹೋಗಿ ತಕ್ಕಡಿ ತಂದಳು.